ಒಂದೇ ಚೀಲದಲ್ಲಿ ಬಂದ ಎರಡು ಹಕ್ಕಿ

ನಾನು ಹೇನು ನೋಡಿ ಹೊಟ್ಟೆ ಹೊರೆದವನು. ಹೀಗೆ ಹೇಳಿದ ಕೂಡಲೇ ಎದುರಿಗೆ ಕೂತವರ ಕೈ ತಾನಾಗಿ ತಲೆಗೆ ಹೋಗುವುದನ್ನು ಮದುವೆ ಮನೆಗಳಲ್ಲಿ, ಮೆಟ್ರೊದಲ್ಲಿ, ದಿಲ್ಲಿ ಕನ್ನಡಿಗರ ಯುಗಾದಿ ಊಟದಲ್ಲಿ ಬೇಕಾದಷ್ಟು ಸಲ ನೋಡಿದ್ದೇನೆ. ಮನುಷ್ಯರ ಹೇನಲ್ಲ ಸ್ವಾಮಿ, ಕಾಡುಹಕ್ಕಿಗಳ ಗರಿಯೊಳಗೆ ಇರುವ ಹೇನು ಎಂದು ಬಿಡಿಸಿ ಹೇಳಿದರೂ ಆ ಕೈ ಕೆಳಗಿಳಿಯುವುದಿಲ್ಲ. ನನ್ನ ಮಗಳು ಶಾಲೆಯಲ್ಲಿದ್ದಾಗ ಒಮ್ಮೆ, "ಅಪ್ಪಾ, ಪ್ಲೀಸ್, ಪಿಟಿಎಂಗೆ ಅಮ್ಮ ಬರಲಿ. ಸಬ್ ಲೋಗ್ ನನ್ನ ಜೂಂವಾಲೀ, ಹೇನಿನವಳು ಅಂತಾರೆ," ಎಂದಳು. ಅಲ್ಲಿಗೆ ನನ್ನ ಸಾಮಾಜಿಕ ಸ್ಥಾನಮಾನ ನಿರ್ಧಾರವಾಯಿತು.

ಈಗ ನಿವೃತ್ತನಾಗಿ ಲಕ್ಷ್ಮೀ ನಗರದ ನಾಲ್ಕನೇ ಮಹಡಿಯಲ್ಲಿ ಕೂತಿದ್ದೇನೆ. ಪಕ್ಷಿಗಳ ಪರಾವಲಂಬಿಗಳನ್ನು ಗುರುತಿಸುವ ಈ ಕೆಲಸಕ್ಕೆ ಹೊಸದಾಗಿ ಸೇರುವವರು ನಾಲ್ಕು ಜನರಾದರೂ ಇರಬಹುದು ಎಂದು ನಂಬಿ ಬರೆಯುತ್ತಿದ್ದೇನೆ. ನಿಮ್ಮ ತರಬೇತಿಯಲ್ಲಿ ಸೂಕ್ಷ್ಮದರ್ಶಕ ಹಿಡಿಯುವುದನ್ನು ಕಲಿಸುತ್ತಾರೆ, ಚೀಲ ಹಿಡಿಯುವುದನ್ನು ಕಲಿಸುವುದಿಲ್ಲ. ನಾನು ಚೀಲ ಹಿಡಿಯುವುದರಲ್ಲಿ ಮಾಡಿದ ಒಂದು ತಪ್ಪಿನಿಂದ, ಎಷ್ಟೋ ವರ್ಷಗಳ ಮೇಲೆ, ನನಗೆ ಗುರುತೇ ಇಲ್ಲದ ಒಬ್ಬ ಹುಡುಗಿಯ ಪಿಎಚ್‌ಡಿ ಮಣ್ಣುಪಾಲಾಗುವುದರಲ್ಲಿತ್ತು. ಮಿಕ್ಕ ವಿಷಯಗಳನ್ನು ನೀವು ಮರೆತರೂ ಅಡ್ಡಿಯಿಲ್ಲ, ಅದೊಂದನ್ನು ನೆನಪಿಡಿ.

ನಾನು ಚಿಕ್ಕಬಳ್ಳಾಪುರದಿಂದ ದಿಲ್ಲಿಗೆ ಬಂದದ್ದು ಹೇನು ನೋಡುವುದಕ್ಕಲ್ಲ, ಜಿಲ್ಲೆ ಆಳುವುದಕ್ಕೆ. ಓಲ್ಡ್ ರಾಜಿಂದರ್ ನಗರದ ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ ಕೂತು ಸಂವಿಧಾನವನ್ನು ಮೂರು ಸಲ ಬಾಯಿಪಾಠ ಮಾಡಿದೆ. ಮೂರು ಸಲವೂ ದೇಶವು ನನ್ನ ಸೇವೆಯನ್ನು ವಿನಯದಿಂದ ನಿರಾಕರಿಸಿತು. ಪ್ರಾಣಿಶಾಸ್ತ್ರದ ಡಿಗ್ರಿಯೊಂದು ಪೆಟ್ಟಿಗೆಯ ತಳದಲ್ಲಿತ್ತು. ಅದನ್ನು ಹಿಡಿದುಕೊಂಡು ಒಂದು ಸರ್ಕಾರಿ ಪ್ರಯೋಗಾಲಯಕ್ಕೆ ಹೋದೆ, ತಾತ್ಕಾಲಿಕ ಸಹಾಯಕ ಎಂದು ತೆಗೆದುಕೊಂಡರು. ಆಳಲು ಜಿಲ್ಲೆ ಸಿಗಲಿಲ್ಲ, ಎಣಿಸಲು ಹೇನು ಸಿಕ್ಕಿತು.

ಎಣಿಸಲು ಎಂದದ್ದು ತಮಾಷೆಗಲ್ಲ. ಒಂದು ಗರಿಹೇನು ಹೊಸ ಪ್ರಭೇದವೋ ಹಳೆಯದೋ ಎಂದು ತಿಳಿಯಲು ಅದರ ಹೊಟ್ಟೆಯ ಪ್ರತಿಯೊಂದು ಪಟ್ಟಿಯ ಮೇಲೆ ಎಷ್ಟು ರೋಮಗಳಿವೆ ಎಂದು ಎಣಿಸಬೇಕು. ಆಗ ಕ್ಯಾಮೆರಾ ಇರಲಿಲ್ಲ. ಸೂಕ್ಷ್ಮದರ್ಶಕಕ್ಕೆ ಸಣ್ಣ ಕನ್ನಡಿ ಸಿಕ್ಕಿಸಿ, ಕಾಗದದ ಮೇಲೆ ಬಿದ್ದ ನೆರಳನ್ನು ಪೆನ್ಸಿಲಿನಲ್ಲಿ ತಿದ್ದಬೇಕಿತ್ತು. ಒಂದು ಹೇನಿನ ಚಿತ್ರ ಮುಗಿಯಲು ಒಂದು ವಾರ. ಪಕ್ಕದಲ್ಲಿ ಯಾರಾದರೂ ಸೀನಿದರೆ ಎರಡು ವಾರ.

ನನ್ನ ಮೇಲಧಿಕಾರಿ ಡಾ. ತನೇಜಾ. ದೊಡ್ಡ ವಿದ್ವಾಂಸರು, ಅದರಲ್ಲಿ ಅನುಮಾನವಿಲ್ಲ. ಅನುಮಾನ ಬಂದವರಿಗೆ ಅವರೇ ಪರಿಹರಿಸುತ್ತಿದ್ದರು. ಅವರಿಗೆ ಬದುಕಿನಲ್ಲಿ ಒಂದೇ ಕೊರತೆ. ಅವರ ಹೆಸರಿನ ಜೀವಿ ಜಗತ್ತಿನಲ್ಲಿ ಒಂದೂ ಇರಲಿಲ್ಲ. ನಮ್ಮ ಕ್ಷೇತ್ರದ ಪದ್ಧತಿ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಹೊಸ ಪ್ರಭೇದವನ್ನು ವರ್ಣಿಸಿದವನು ಅದಕ್ಕೆ ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವುದು ಮರ್ಯಾದೆಯಲ್ಲ. ಆದ್ದರಿಂದ ಸಾಹೇಬರಾದವರು ವರ್ಣಿಸುವುದಿಲ್ಲ. ಕೈಕೆಳಗಿನವನು ವರ್ಣಿಸಿ ಸಾಹೇಬರ ಹೆಸರಿಡುತ್ತಾನೆ, ಸಾಹೇಬರು ತುಂಬ ಸಂಕೋಚಪಟ್ಟುಕೊಂಡು ಒಪ್ಪುತ್ತಾರೆ. ತನೇಜಾ ಅವರು ಈ ಸಂಕೋಚವನ್ನು ಎಷ್ಟೋ ವರ್ಷಗಳಿಂದ ಸಿದ್ಧಪಡಿಸಿ ಇಟ್ಟುಕೊಂಡಿದ್ದರು.

ನನಗಿಂತ ಮುಂಚೆ ಇದ್ದ ಸಹಾಯಕನೊಬ್ಬ ನವಿಲಿನ ಕರುಳಿನಲ್ಲಿ ಸಿಕ್ಕ ಹುಳುವೊಂದಕ್ಕೆ ಅವರ ಹೆಸರಿಡಲು ಹೊರಟಿದ್ದನಂತೆ. ಅವರು ಮೂರು ದಿನ ಅವನನ್ನು ಮಾತನಾಡಿಸಲಿಲ್ಲ.

"ರಾವ್, ನನ್ನ ಹೆಸರು ಕರುಳೊಳಗೆ ಯಾಕೆ ಕೊಳೀಬೇಕು?" ಎಂದು ನನ್ನನ್ನೇ ಕೇಳಿದ್ದರು. "ಹದ್ದಿನ ಮೇಲೆ ಇರಲಿ. ಆಕಾಶದಲ್ಲಿ ಹಾರಲಿ."

ನಮಗೆ ಸತ್ತ ಹಕ್ಕಿಗಳು ಸಿಗುತ್ತಿದ್ದದ್ದು ಕರೋಲ್ ಬಾಗಿನಲ್ಲಿ. ಬಟ್ಟೆ ವ್ಯಾಪಾರದ ಸೇಠ್‌ಜಿಯೊಬ್ಬರು ಪುಣ್ಯಕ್ಕಾಗಿ ತಮ್ಮ ಅಂಗಡಿಯ ಛಾವಣಿಯ ಮೇಲೆ ಗಾಯಗೊಂಡ ಹಕ್ಕಿಗಳಿಗೆ ಆರೈಕೆ ಮಾಡುತ್ತಿದ್ದರು. ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಕುಯ್ದುಕೊಂಡ ಹದ್ದುಗಳೇ ಹೆಚ್ಚು. ಉಳಿಯದೆ ಹೋದವನ್ನು ನಮಗೆ ಕೊಡುತ್ತಿದ್ದರು, ಆದರೆ ಒಂದು ಷರತ್ತು. ಹಕ್ಕಿಯ ಮೈಮೇಲಿರುವ ಯಾವ ಜೀವಕ್ಕೂ ಹಿಂಸೆಯಾಗಬಾರದು.

"ಹೇನೂ ಜೀವ ಅಲ್ವಾ ಭಯ್ಯಾ?" ಎಂದು ಅವರು ಕೈಮುಗಿದು ಕೇಳಿದರೆ ನಾನೂ ಕೈಮುಗಿದು, "ಖಂಡಿತ ಜೀವ ಸೇಠ್‌ಜಿ," ಎನ್ನುತ್ತಿದ್ದೆ. ಆಮೇಲೆ ಆಫೀಸಿಗೆ ಬಂದು ಆ ಜೀವಗಳನ್ನು ಸ್ಪಿರಿಟ್ಟಿನಲ್ಲಿ ಮುಳುಗಿಸುತ್ತಿದ್ದೆ. ಸರ್ಕಾರಿ ನೌಕರಿಯಲ್ಲಿ ಹಿಂಸೆ ಕೂಡ ಸರಿಯಾದ ಸ್ಥಳದಲ್ಲೇ ನಡೆಯಬೇಕು.

ಈ ಕೆಲಸದ ಮೊದಲ ಪಾಠ ಬಹಳ ಸುಲಭ: ಒಂದು ಹಕ್ಕಿಗೆ ಒಂದು ಚೀಲ. ಹಕ್ಕಿ ಸತ್ತು ಮೈ ತಣ್ಣಗಾದರೆ ಅದರ ಹೇನು ಶೋಕಾಚರಣೆ ಮಾಡುತ್ತಾ ಕೂರುವುದಿಲ್ಲ, ಬೇರೆ ಮನೆ ಹುಡುಕುತ್ತದೆ. ಎರಡು ಹಕ್ಕಿಗಳನ್ನು ಒಂದೇ ಚೀಲಕ್ಕೆ ತುಂಬಿದರೆ ಒಂದರ ಹೇನು ಇನ್ನೊಂದರ ಮೇಲೆ ಬಂದು ಕೂರುತ್ತದೆ. ಆಮೇಲೆ ಯಾವುದು ಯಾವುದರದ್ದು ಎಂದು ಬ್ರಹ್ಮನೂ ಹೇಳಲಾರ. ನನಗೆ ಆಫೀಸಿನಿಂದ ಬಿಗಿಯಾಗಿ ಬಾಯಿ ಕಟ್ಟುವ ಎರಡು ಬಟ್ಟೆ ಚೀಲ ಕೊಟ್ಟಿದ್ದರು. ಈ ಪಾಠವನ್ನು ನಾನು ಹೊಸಬರಿಗೆ ಎಷ್ಟು ಸಲ ಹೇಳಿಕೊಟ್ಟಿದ್ದೇನೆಂದರೆ, ಅದನ್ನು ನಾನೇ ಮುರಿದವನು ಎಂದು ಯಾರಿಗೂ ಅನುಮಾನ ಬರುವಂತಿರಲಿಲ್ಲ.

ಅದೊಂದು ಚಳಿಗಾಲದ ಬೆಳಿಗ್ಗೆ. ಸೇಠ್‌ಜಿ ಎರಡು ಹಕ್ಕಿ ಕೊಟ್ಟರು. ಒಂದು ಹದ್ದು, ಇನ್ನೊಂದು ಕರಿ ಕೆಂಬರಲು. ಅದೇ, ದಿಲ್ಲಿಯ ಪಾರ್ಕುಗಳ ಹುಲ್ಲಿನಲ್ಲಿ ಬಾಗಿದ ಕೊಕ್ಕು ಚುಚ್ಚುತ್ತಾ ಓಡಾಡುವ, ನೆತ್ತಿಯ ಮೇಲೆ ಕೆಂಪು ಮಚ್ಚೆ ಇರುವ ಕಪ್ಪು ಹಕ್ಕಿ. ಎರಡನ್ನೂ ಬೇರೆಬೇರೆ ಚೀಲಕ್ಕೆ ಹಾಕಿ ಕೆಳಗಿಳಿದೆ. ಮೂಲೆಯಲ್ಲಿ ಒಬ್ಬ ತರಕಾರಿಯವನು ಕೂತಿದ್ದ. ಅವನ ಗೋಣಿಯ ಮೇಲೆ ಹಸಿರು ರಾಶಿ. ಹತ್ತಿರ ಹೋದರೆ ಸೊಗಡು ಮೂಗಿಗೆ ಬಡಿಯಿತು. ಅವರೆಕಾಯಿ.

ಚಿಕ್ಕಬಳ್ಳಾಪುರದವನಿಗೆ ದಿಲ್ಲಿಯ ಚಳಿಯಲ್ಲಿ ಸೊಗಡಿನ ಅವರೆಕಾಯಿ ಕಂಡರೆ ಏನಾಗುತ್ತದೆ ಎಂದು ಆ ಕಡೆಯವರಿಗೆ ಹೇಳಬೇಕಾಗಿಲ್ಲ. ಬಂದು ನಾಲ್ಕು ವರ್ಷವಾಗಿತ್ತು, ಒಂದು ಕಾಳು ಕಂಡಿರಲಿಲ್ಲ. ನನ್ನ ಹೆಂಡತಿ ಸುಮಿತ್ರಾ ಆಗ ಬಸುರಿ. ಹಿತಕಿದ ಅವರೆಬೇಳೆ ಹುಳಿ ಬೇಕು ಎಂದು ಒಂದು ತಿಂಗಳಿಂದ ಕೇಳುತ್ತಿದ್ದಳು, ಕೊನೆಗೆ ಕೇಳುವುದನ್ನೂ ಬಿಟ್ಟಿದ್ದಳು.

"ಭಯ್ಯಾ, ಒಂದು ಥೈಲಿ ಕೊಡು," ಎಂದೆ.

"ಥೈಲಿ ಖತಮ್ ಸಾಬ್. ನಿಮ್ಮ ಕೈಯಲ್ಲೇ ಎರಡು ಇದೆಯಲ್ಲ," ಎಂದ.

ಆ ಮಹಾಶಯನ ತರ್ಕ ನನಗೆ ಹಿಡಿಸಿತು. ಕರೋಲ್ ಬಾಗಿನ ಬೀದಿಯಲ್ಲಿ ನಿಂತು ಕೆಂಬರಲನ್ನು ಎತ್ತಿ ಹದ್ದಿನ ಚೀಲಕ್ಕೆ ತುರುಕಿದೆ. ಖಾಲಿಯಾದ ಚೀಲವನ್ನು ಮೂರು ಸಲ ಕೊಡವಿದೆ. ವಿಜ್ಞಾನಿ ಅಲ್ಲವೇ, ಸ್ವಚ್ಛತೆ ಮುಖ್ಯ. ಅದರ ತುಂಬ ಅವರೆಕಾಯಿ ತುಂಬಿಸಿಕೊಂಡೆ. ಅಲ್ಲಿಂದ ಆಫೀಸು ಮುಟ್ಟಲು ಎರಡು ಬಸ್ಸು, ಒಂದೂವರೆ ಗಂಟೆ. ಅಷ್ಟು ಹೊತ್ತು ಹದ್ದೂ ಕೆಂಬರಲೂ ಒಂದೇ ಚೀಲದಲ್ಲಿ ಅಪ್ಪಿಕೊಂಡು ಮಲಗಿದ್ದವು. ಮನೆಯಲ್ಲಿ ಆ ಚೀಲ ಎಲ್ಲಿಯದು ಎಂದು ಸುಮಿತ್ರಾ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹುಳಿ ಬಹಳ ಚೆನ್ನಾಗಿತ್ತು.

ಎರಡು ದಿನದ ಮೇಲೆ ಹದ್ದಿನ ಗರಿ ಬಾಚಿದಾಗ ಐದು ಹೇನು ಸಿಕ್ಕವು. ಹದ್ದಿನ ಹೇನಿನ ಕುಲದವೇ, ಆದರೆ ರೋಮದ ಲೆಕ್ಕ ಹೊಂದುತ್ತಿರಲಿಲ್ಲ. ತನೇಜಾ ಅವರು ಒಂದು ಗಂಟೆ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. ತೆಗೆದಾಗ ಕಣ್ಣು ಒದ್ದೆಯಾಗಿತ್ತು.

"ರಾವ್, ಹದ್ದಿನದೇ ತಾನೆ? ಪಕ್ಕಾ?"

"ಪಕ್ಕಾ ಸರ್," ಎಂದೆ.

ಆ ಗಳಿಗೆಯಲ್ಲಿ ಚೀಲದ ನೆನಪು ಬರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಬಂತು, ಬಂದ ಹಾಗೇ ಹೋಯಿತು. ಕೆಂಬರಲನ್ನು ಬಾಚಿ ನೋಡೋಣವೆಂದರೆ, ಐಸ್ ಪೆಟ್ಟಿಗೆಯಲ್ಲಿ ಹದ್ದಿಗಷ್ಟೇ ಜಾಗವಿದ್ದದ್ದರಿಂದ ಹೊರಗುಳಿದ ಅದು ಅಷ್ಟರಲ್ಲಿ ಕೊಳೆತು, ಜಾಡಮಾಲಿ ಅದನ್ನು ಎಸೆದಾಗಿತ್ತು. ನಾನು ತಾತ್ಕಾಲಿಕ ನೌಕರ, ಮನೆಯಲ್ಲಿ ಬಸುರಿ ಹೆಂಗಸು, ಎದುರಿಗೆ ಬದುಕಿನಲ್ಲಿ ಮೊದಲ ಸಲ ನನ್ನ ಭುಜದ ಮೇಲೆ ಕೈಯಿಟ್ಟ ಸಾಹೇಬರು. ಲೇಬಲ್ಲಿನ ಮೇಲೆ ನನ್ನ ಕೈಯಾರೆ, ಕಪ್ಪು ಇಂಡಿಯನ್ ಇಂಕಿನಲ್ಲಿ ‘ಹದ್ದು’ ಎಂದು ಬರೆದೆ. ಪ್ರಬಂಧವನ್ನೂ ನಾನೇ ಬರೆದೆ, ಅವರ ಹೆಸರಿಡಬೇಕಲ್ಲ. ಅವರು ಸಿದ್ಧವಾಗಿಟ್ಟುಕೊಂಡಿದ್ದ ಸಂಕೋಚವನ್ನೆಲ್ಲ ಆ ದಿನ ಖರ್ಚು ಮಾಡಿದರು. ಹೇನಿನ ಚಿತ್ರವನ್ನು ತಟ್ಟೆಯಷ್ಟು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಮನೆಯ ಗೋಡೆಗೆ ನೇತುಹಾಕಿದರು. ನನ್ನ ಕೆಲಸ ಕಾಯಂ ಆಯಿತು.

ಆರೇಳು ವರ್ಷ ಕಳೆದ ಮೇಲೆ ಬೇರೊಂದು ಕೆಂಬರಲು ನನ್ನ ಮೇಜಿಗೆ ಬಂತು. ಈ ಸಲ ಅದರದೇ ಚೀಲದಲ್ಲಿ, ಒಂಟಿಯಾಗಿ. ಬಾಚಿದೆ. ಅದೇ ಹೇನು. ರೋಮಕ್ಕೆ ರೋಮ ತಾಳೆಯಾಯಿತು. ಬೀರುವಿನಿಂದ ಹಳೆಯ ವಿದೇಶಿ ಸಂಪುಟ ತೆಗೆದು ನೋಡಿದರೆ ಕೆಂಬರಲಿನ ಹೇನಾಗಿ ಅದನ್ನು ಯಾರೋ ಎಂದೋ ವರ್ಣಿಸಿಯೂ ಆಗಿತ್ತು. ಅಂದರೆ ನಾನು ಕಂಡುಹಿಡಿದದ್ದು ಏನೂ ಇಲ್ಲ. ಇದ್ದ ಹೇನನ್ನು ಬಸ್ಸು ಹತ್ತಿಸಿ ವಿಳಾಸ ಬದಲಾಯಿಸಿದ್ದೆ, ಅಷ್ಟೆ. ಆ ಹೇನಿನ ಸ್ಲೈಡಿಗೆ ‘ಮಾದರಿ ಸರಿಯಿಲ್ಲ’ ಎಂದು ಚೀಟಿ ಅಂಟಿಸಿ ಡ್ರಾಯರಿನ ತಳಕ್ಕೆ ತಳ್ಳಿದೆ. ಇಡೀ ದೇಶದಲ್ಲಿ ಗರಿಹೇನು ನೋಡುವವರು ಒಂದು ಕೈಯ ಬೆರಳಿನಷ್ಟು. ಯಾರಿಗೆ ನಷ್ಟ ಎಂದುಕೊಂಡೆ. ನಿವೃತ್ತಿಯ ತನಕ ಹಾಗೇ ಅಂದುಕೊಳ್ಳುತ್ತಾ ಇದ್ದೆ.

ಆಮೇಲೆ ಕಾಲ ಬದಲಾಯಿತು. ಯಂತ್ರ ಬಂತು. ರೋಮ ಎಣಿಸುವುದು ಮುದುಕರ ಹವ್ಯಾಸವಾಯಿತು. ಹೇನನ್ನು ಅರೆದು ರಸ ಮಾಡಿ ಯಂತ್ರಕ್ಕೆ ಕುಡಿಸಿದರೆ ಅದರ ಡಿಎನ್ಎ ಓದಿ ಜಾತಕ ಹೇಳುತ್ತದೆ. ಮೊದಲ ಸಲ ನಮ್ಮ ಹುಡುಗರು ಗೂಬೆಯ ಹೇನನ್ನು ಅರೆದು ಕೊಟ್ಟರು. ಯಂತ್ರ ಯೋಚಿಸಿ, ಇದು ಮನುಷ್ಯ ಎಂದಿತು. ಯಾರೋ ಕೈಗವಸು ಹಾಕಿಕೊಳ್ಳದೆ ಮುಟ್ಟಿದ್ದರು. ನಾನು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಮಾದರಿಯ ಪಾವಿತ್ರ್ಯದ ಬಗ್ಗೆ ಅರ್ಧ ಗಂಟೆ ಉಪದೇಶ ಮಾಡಿದೆ. ನಾಚಿಕೆ ಎಂಬುದು ಅಭ್ಯಾಸದಿಂದ ಎಷ್ಟು ಕಡಿಮೆಯಾಗುತ್ತದೆ ನೋಡಿ.

ನಿವೃತ್ತನಾದ ಎರಡನೇ ವರ್ಷ, ಮಾರ್ಚ್ ತಿಂಗಳಲ್ಲಿ, ಬಾಗಿಲ ಗಂಟೆ ಸದ್ದಾಯಿತು. ತೆಗೆದರೆ ಬೆನ್ನಿಗೆ ಚೀಲ ಹಾಕಿಕೊಂಡ ಒಬ್ಬ ಹುಡುಗಿ ನಾಲ್ಕು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದಳು. ಹೆಸರು ನಸ್ರೀನ್, ಚಿತ್ರದುರ್ಗದವಳು, ದಿಲ್ಲಿಯ ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ವಿಷಯ ಏನೆಂದು ಕೇಳಿದೆ. ಗಾಜಿಪುರದ ಕಸದ ಗುಡ್ಡದ ಮೇಲೆ ಹಾರುವ ಹದ್ದುಗಳಲ್ಲಿ ನನ್ನ ಆ ಹೇನು ಎಷ್ಟಿದೆ, ಹೇಗೆ ಹರಡುತ್ತದೆ. ತನೇಜಾ ಹೆಸರಿನ ಹೇನು.

"ಮೂರು ಚಳಿಗಾಲ ಆಯ್ತು ಸರ್," ಎಂದಳು. "ಹದ್ದು ಹಿಡಿಯೋಕೆ ಅರಣ್ಯ ಇಲಾಖೆ ಪರ್ಮಿಷನ್‌ಗೇ ಒಂದು ವರ್ಷ. ಆಮೇಲೆ ಹಿಡಿದು, ಹೇನು ಉದುರಿಸೋ ಪುಡಿ ಹಾಕಿ, ಬಾಚಿ, ಬಿಟ್ಟಿದ್ದೀನಿ. ಬೇರೆ ಹೇನೆಲ್ಲ ಸಿಗ್ತವೆ. ಅದೊಂದು ಮಾತ್ರ ಒಂದೇ ಒಂದೂ ಸಿಕ್ಕಿಲ್ಲ. ನಮ್ಮ ಗೈಡ್, ರಾವ್ ಅವರಿಗೆ ಸಿಕ್ಕಿದ್ದು ನಿಂಗೆ ಸಿಗಲ್ಲ ಅಂದ್ರೆ ನಿನಗೆ ಬಾಚೋಕೇ ಬರಲ್ಲ ಅಂತಾರೆ. ಜೂನ್‌ಗೆ ನನ್ನ ಅವಧಿ ಮುಗಿಯುತ್ತೆ. ಅಷ್ಟರೊಳಗೆ ಸಿಗದಿದ್ರೆ ಬಿಟ್ಟು ಊರಿಗೆ ಹೋಗು ಅಂದಿದ್ದಾರೆ." ಅವಳು ನೋಟ್‌ಬುಕ್ ತೆರೆದು ಪೆನ್ನು ಹಿಡಿದಳು. "ನೀವು ಹೇಗೆ ಬಾಚಿದ್ರಿ ಸರ್? ಎಲ್ಲಿ ಹುಡುಕಿದ್ರಿ, ರೆಕ್ಕೆ ಕೆಳಗಾ?"

ಈಗ ನಾನು ಮಾಡಿದ್ದನ್ನು ಕೇಳಿ. ಅಷ್ಟು ಹೇಳಿ ಕೂತ ಹುಡುಗಿಗೆ ನಾನು ಬಾಚುವ ವಿಧಾನ ಹೇಳಿಕೊಟ್ಟೆ. ಹಣಿಗೆಯ ಹಲ್ಲು ಸಣ್ಣದಿರಬೇಕಮ್ಮ, ಕತ್ತಿನ ಹತ್ತಿರ ನಿಧಾನವಾಗಿ ಎಳೀಬೇಕು, ಇದಕ್ಕೆಲ್ಲ ತಾಳ್ಮೆ ಬೇಕು ಎಂದೆ. ಅವಳು ಪ್ರತಿ ಅಕ್ಷರವನ್ನೂ ಬರೆದುಕೊಂಡಳು. ಥ್ಯಾಂಕ್ಯೂ ಸರ್ ಎಂದು ಹೊರಟಳು. ಬಾಗಿಲು ಹಾಕಿ ನಾನು ಪೇಪರ್ ಹಿಡಿದು ಕೂತೆ. ಅದು ತಲೆಕೆಳಗಾಗಿತ್ತೋ ಏನೋ, ನನಗೆ ನೆನಪಿಲ್ಲ.

ಅರ್ಧ ಗಂಟೆಯ ನಂತರ ಮದರ್ ಡೈರಿಯಿಂದ ಹಾಲು ತರಲು ಹೋಗಿದ್ದ ಸುಮಿತ್ರಾ ಬಂದಳು. ಹಿಂದೆ ನಸ್ರೀನ್.

"ಮೂರನೇ ಮಹಡಿ ಮೆಟ್ಟಿಲ ಮೇಲೆ ಕೂತ್ಕೊಂಡು ಅಳ್ತಾ ಇದ್ದಾಳೆ ಈ ಮಗು," ಎಂದಳು ಸುಮಿತ್ರಾ. "ಕನ್ನಡದಲ್ಲಿ ಅವಳಪ್ಪಂಗೆ ಫೋನ್ ಮಾಡ್ತಿದ್ಲು, ಅಬ್ಬಾ ನಾನು ವಾಪಸ್ ಬರ್ತೀನಿ, ನನ್ನ ಕೈಲಿ ಆಗಲ್ಲ ಅಂತ. ಏನಂದ್ರಿ ನೀವು ಇವಳಿಗೆ?"

ಏನೂ ಅನ್ನಲಿಲ್ಲ ಎಂಬುದೇ ನನ್ನ ತಪ್ಪಾಗಿತ್ತು. ಸುಮಿತ್ರಾ ಅವಳನ್ನು ಕೂರಿಸಿ ಕಾಫಿ ತಂದಿಟ್ಟಳು. ಆ ಮಗುವಿನ ಕಣ್ಣು ಕೆಂಪಾಗಿತ್ತು. ಹದ್ದಿನ ಉಗುರಿನ ಗೀರುಗಳು ಎರಡೂ ಮುಂಗೈ ತುಂಬ ಇದ್ದವು. ಮೊದಲ ಸಲ ಬಂದಾಗ ಅವು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ರೋಮ ಎಣಿಸಿ ಜೀವನ ಕಳೆದ ಕಣ್ಣು ನನ್ನದು.

"ಆ ಹೇನು ಹದ್ದಿನದಲ್ಲಮ್ಮ," ಎಂದೆ. "ಕೆಂಬರಲಿಂದು. ಎರಡು ಹಕ್ಕಿ ಒಂದೇ ಚೀಲಕ್ಕೆ ಹಾಕಿದ್ದೆ. ನನಗೆ ಬಹಳ ವರ್ಷದಿಂದ ಗೊತ್ತು."

ಅವಳು ತಲೆಯೆತ್ತಿ, "ಎರಡು ಚೀಲ ಇರಲಿಲ್ವಾ ಸರ್?" ಎಂದಳು.

"ಇತ್ತು. ಇನ್ನೊಂದರಲ್ಲಿ ಅವರೆಕಾಯಿ ತಂದೆ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುಮಿತ್ರಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಸ್ರೀನ್ ನೋಟ್‌ಬುಕ್ಕಿನಿಂದ ನಾನು ಬಾಚುವುದು ಹೇಳಿಕೊಟ್ಟ ಹಾಳೆಯನ್ನು ನಿಧಾನವಾಗಿ ಹರಿದು, ಮಡಿಸಿ, ಕಾಫಿ ಲೋಟದ ಕೆಳಗಿಟ್ಟಳು.

"ಮೂರು ಚಳಿಗಾಲ ನನಗೆ ಕೆಲಸ ಬರಲ್ಲ ಅಂದ್ಕೊಂಡಿದ್ದೆ ಸರ್," ಎಂದಳು. "ಈಗ ಅರ್ಧ ಗಂಟೆ ಮುಂಚೆ ಕೂಡ ನೀವು ಹಾಗೇ ಅಂದ್ಕೋ ಅಂತ ಕಳಿಸಿದ್ರಿ."

ನನ್ನ ಜೀವಮಾನದಲ್ಲಿ ಮೇಲಧಿಕಾರಿಗಳು ಬೇಕಾದಷ್ಟು ಬೈದಿದ್ದಾರೆ. ಯಾವುದೂ ಹೀಗೆ ನಾಟಿರಲಿಲ್ಲ. ತಪ್ಪಾಯಿತು ಎಂದೆ. ಅವಳು ತಲೆಯಾಡಿಸಲೂ ಇಲ್ಲ, ಕಾಫಿಯನ್ನು ಮುಟ್ಟಲೂ ಇಲ್ಲ. "ಬರೆದು ಕೊಡ್ತೀರಾ?" ಎಂದಷ್ಟೇ ಕೇಳಿದಳು. ಕೊಡುತ್ತೇನೆ ಎಂದೆ.

ಬರೆಯುವ ಮೊದಲು ತನೇಜಾ ಅವರಿಗೆ ಹೇಳಬೇಕಿತ್ತು. ಅವರು ನೋಯ್ಡಾದ ಒಂದು ಫ್ಲ್ಯಾಟಿನಲ್ಲಿ ಕಿವಿ ಮಂದವಾಗಿ, ನೆನಪು ಚುರುಕಾಗಿ ಬದುಕಿದ್ದರು. ಗೋಡೆಯ ಮೇಲೆ ಅದೇ ಹೇನು. ನಾನು ದೊಡ್ಡ ದನಿಯಲ್ಲಿ ಎಲ್ಲವನ್ನೂ ಹೇಳಿದೆ. ತಪ್ಪೊಪ್ಪಿಗೆಯನ್ನು ಕೂಗಿ ಹೇಳಬೇಕಾದ ಶಿಕ್ಷೆ ಯಾವ ಕಾನೂನಿನಲ್ಲೂ ಇಲ್ಲ, ನನಗೆ ಮಾತ್ರ ಸಿಕ್ಕಿತು. ಪಕ್ಕದ ಫ್ಲ್ಯಾಟಿನವರೂ ಕೇಳಿಸಿಕೊಂಡಿರಬೇಕು.

"ಅಚ್ಛಾ," ಎಂದರು. ಗೋಡೆಯ ಚಿತ್ರದ ಕಡೆ ತಿರುಗಿದರು. "ಇನ್ನೊಂದೆರಡು ವರ್ಷ ಕಾಯಬಾರದಿತ್ತೇ ರಾವ್? ನಾನು ಹೋದ ಮೇಲೆ ಬರೀಬಹುದಿತ್ತು."

"ಆ ಹುಡುಗಿಗೆ ಜೂನ್‌ವರೆಗೆ ಮಾತ್ರ ಸಮಯ ಸರ್."

ಅವರಿಗೆ ಕೋಪ ಬರಲಿ ಎಂದು ಕಾದೆ. ಬರಲಿಲ್ಲ. "ಅವತ್ತು ನಾನು ಪಕ್ಕಾನಾ ಅಂತ ಕೇಳಿದೆ. ಎರಡನೇ ಸಲ ಕೇಳಲಿಲ್ಲ," ಎಂದರು. "ಕೇಳಿದ್ದರೆ ನೀನು ಹೇಳಿಬಿಡುತ್ತೀಯೇನೋ ಅಂತ ಹೆದರಿಕೆಯಾಯಿತು. ಚಲೋ, ಬರಿ." ಎದ್ದು ಹೋಗಿ ಚಿತ್ರವನ್ನು ತೆಗೆಯುತ್ತಾರೆಂದುಕೊಂಡೆ. ಅವರು ಹೋಗಿ ಅದರ ಮೇಲಿನ ಧೂಳನ್ನು ಒರೆಸಿ, ವಾಲಿದ್ದನ್ನು ನೇರ ಮಾಡಿ ಬಂದು ಕೂತರು. ನನಗೆ ಅವರ ಮೇಲೆ ಅಷ್ಟು ಪ್ರೀತಿ ಮೊದಲೆಂದೂ ಬಂದಿರಲಿಲ್ಲ.

ತಿದ್ದುಪಡಿಯನ್ನು ಬರೆದೆ. ಮೊದಲ ಕರಡಿನಲ್ಲಿ ‘ಸಂಗ್ರಹ ಚೀಲಗಳ ಕೊರತೆಯಿಂದಾಗಿ’ ಎಂದಿತ್ತು. ನಸ್ರೀನ್ ಆ ಸಾಲಿಗೆ ಕೆಂಪು ಗೀಟು ಹಾಕಿ, "ಕೊರತೆ ಇರಲಿಲ್ಲ," ಎಂದು ಪಕ್ಕದಲ್ಲಿ ಬರೆದು ವಾಪಸು ಕಳಿಸಿದಳು. ‘ಒಂದು ಚೀಲವನ್ನು ಸಂಗ್ರಾಹಕನು ಸ್ವಂತ ಕೆಲಸಕ್ಕೆ ಬಳಸಿದ್ದರಿಂದ’ ಎಂದು ತಿದ್ದಿದೆ. ಅದು ಹಾಗೆಯೇ ಅಚ್ಚಾಯಿತು. ತನೇಜಾ ಹೆಸರಿನ ಪ್ರಭೇದ ರದ್ದಾಯಿತು. ಹದ್ದಿನಲ್ಲಿ ಆ ಹೇನು ಇಲ್ಲ ಎಂದು ಮೂರು ಚಳಿಗಾಲ ತೋರಿಸಿದ ಅವಳ ಕೆಲಸವೇ ಅದಕ್ಕೆ ಆಧಾರವಾಯಿತು. ಬಾಚುವುದಕ್ಕೆ ಬರುವುದಿಲ್ಲ ಎಂದಿದ್ದ ಗೈಡು ಮಹಾಶಯರು, ಈ ಅನುಮಾನ ತಮಗೆ ಮೊದಲಿನಿಂದಲೂ ಇತ್ತು ಎಂದು ಸೆಮಿನಾರಿನಲ್ಲಿ ಹೇಳಿದರಂತೆ. ಅವರು ಬಹಳ ಎತ್ತರಕ್ಕೆ ಹೋಗುತ್ತಾರೆ, ಅನುಮಾನ ಬೇಡ. ಜೂನ್ ಮುಗಿಯುವ ಮೊದಲು ನಸ್ರೀನ್ ಪ್ರಬಂಧ ಸಲ್ಲಿಸಿದಳು, ಮುಂದಿನ ಚಳಿಗಾಲದಲ್ಲಿ ಡಾಕ್ಟರ್ ಆದಳು.

ಪ್ರಬಂಧದ ಒಂದು ಪ್ರತಿ ಅಂಚೆಯಲ್ಲಿ ಬಂತು. ಲಕೋಟೆಯ ಮೇಲೆ ಸುಮಿತ್ರಾಳ ಹೆಸರಿತ್ತು. ಅವಳ ಕೈಯಿಂದ ಇಸಿದುಕೊಂಡು, ಈ ಉದ್ಯೋಗದವರೆಲ್ಲ ಮಾಡುವ ಹಾಗೆ, ಮೊದಲು ಕೃತಜ್ಞತೆಯ ಪುಟ ತೆರೆದೆ. ಅವಳ ತಂದೆ ಇದ್ದರು, ತಾಯಿ ಇದ್ದರು, ಹಾಸ್ಟೆಲ್ಲಿನ ಗೆಳತಿಯರಿದ್ದರು, ಗಾಜಿಪುರದ ಹದ್ದುಗಳೂ ಇದ್ದವು. ಕೊನೆಯಲ್ಲಿ, ‘ಮೂರನೇ ಮಹಡಿಯ ಮೆಟ್ಟಿಲಿನಿಂದ ನನ್ನನ್ನು ಮತ್ತೆ ಮೇಲಕ್ಕೆ ಕರೆದುಕೊಂಡು ಹೋದ ಸುಮಿತ್ರಾ ಆಂಟಿಗೆ’ ಎಂದಿತ್ತು. ನನ್ನ ಹೆಸರಿಗಾಗಿ ಎರಡು ಸಲ ಹುಡುಕಿದೆ.

"ಸಿಕ್ಕಿತಾ?" ಎಂದು ಸುಮಿತ್ರಾ ಕೇಳಿದಳು.

ಸಿಕ್ಕಿತು. ನಾಲ್ಕನೇ ಅಧ್ಯಾಯದಲ್ಲಿ, ತಪ್ಪು ಗುರುತಿಸುವಿಕೆಗಳ ಪಟ್ಟಿಯಲ್ಲಿ. ಸರಿಯಾಗಿ ಬರೆದಿದ್ದಳು, ಇನಿಷಿಯಲ್ ಸಮೇತ.